ಟವೆಲ್ಲಿನ ಕೆಳಗಿನ ಕೈ

ಗಜೇಂದ್ರಗಡದ ದನದ ಸಂತೆಯಲ್ಲಿ ನಾನು ದಲಾಲಿ. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು. ಆದರೆ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ನನ್ನನ್ನು ಮೀರಿಸಿದವರನ್ನು ಇನ್ನೂ ಕಂಡಿಲ್ಲ. ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿ ತಿಳಿಸುತ್ತೇವೆ. ಕೈಯೇ ನನ್ನ ಅಂಗಡಿ.

ಆ ಅಂಗೈಗಳೇ ಸೋರಿಯಾಸಿಸ್‌ನಿಂದ ಒಡೆದು ಹೊಟ್ಟಿನಂತೆ ಉದುರತೊಡಗಿದವು. ಬೆನ್ನಿಗೂ ಹಬ್ಬಿತು. ಅಂಟುವ ರೋಗವಲ್ಲ ಎಂದರೆ ಯಾರು ಕೇಳಬೇಕು? ಸಗಣಿ ಮೆತ್ತಿದ ಬಾಲ ಹಿಡಿಯುವ ಮಹಾಶಯರು ನನ್ನ ಟವೆಲ್ ಕಂಡೊಡನೆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಅವರಲ್ಲಿ ಅಸೂಟಿಯ ವ್ಯಾಪಾರಿಯೊಬ್ಬ ಭಾಳ ಶಾಣ್ಯಾ. ತನ್ನ ಕುತ್ತಿಗೆಯ ಗಜಕರ್ಣ ಕೆರೆಯುತ್ತಲೇ, ಮೊಬೈಲಿನಲ್ಲಿ ಬೆಲೆ ಒತ್ತಿ ದೂರದಿಂದ ತೋರಿಸುತ್ತಿದ್ದ.

"ಮುಟ್ಟೂದು ಬ್ಯಾಡ ಮಾವಾ, ಇದರಾಗ ನೋಡು."

ನಾನೊಬ್ಬನೇ ನೋಡಿದೆನೇ? ಸುತ್ತಲಿದ್ದವರೂ ನೋಡಿದರು. ಗುಟ್ಟು ಉಳಿಯದ ದಲಾಲಿಯ ಬಳಿ ಯಾವ ರೈತ ಬಂದಾನು? ಒಬ್ಬೊಬ್ಬರೇ ಬೇರೆಯವರತ್ತ ಸರಿದರು.

ಹುಬ್ಬಳ್ಳಿಯ ಚರ್ಮದ ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. "ಎರಡು ಥರದ ಅತಿನೇರಳೆ ಬೆಳಕು ಕೊಡೂಣ್ರಿ. ಮೈಗೆ ಒಂದು, ಅಂಗೈಗೆ ಔಷಧ ಹಚ್ಚಿ ಇನ್ನೊಂದು. ಪೂರ್ತಿ ಹೋಗೂದಿಲ್ಲ, ತಗ್ಗತೈತಿ." ಕಪ್ಪು ಕನ್ನಡಕ ಹಾಕಿಕೊಂಡು ಕಪಾಟಿನಂಥ ಯಂತ್ರದೊಳಗೆ ನಿಂತೆ. ಆಮೇಲೆ ಅಂಗೈ ಸರದಿ. ಔಷಧ ಹಚ್ಚಿದ ಕೈಗೆ ಬಿಸಿಲು ತಾಗಿದರೆ ಸುಟ್ಟೀತು ಎಂದಿದ್ದರಿಂದ ಕೈಗವಸು ತೊಟ್ಟು ಊರಿಗೆ ಮರಳುತ್ತಿದ್ದೆ.

ಅಸೂಟಿಯವನಿಗೆ ಅದೂ ನಗೆ. "ಸೂರ್ಯಪ್ಪ ಪುಕ್ಕಟೆ ಕೊಡೂ ಬೆಳಕನ್ನ ಹುಬ್ಬಳ್ಳಿಗೆ ಹೋಗಿ ತರ್ತಿಯೇನ ಮಾವಾ?"

"ಹುಟ್ಟಿದಾಗಿಂದ ಬಿಸಲಾಗ ಅಡ್ಡಾಡ್ತೀಯಲ್ಲೋ ಅಳಿಯಾ, ನಿನ್ನ ಗಜಕರ್ಣ ಯಾಕ ಹೋಗಿಲ್ಲ?"

ತಿಂಗಳುಗಳು ಕಳೆದವು. ಬೆನ್ನಿನ ಮೇಲೆ ಒಂದೆರಡು ಕಲೆ ಉಳಿದವು, ಅಂಗೈ ನುಣುಪಾಯಿತು. ಮುಶಿಗೇರಿಯ ರೈತನೊಬ್ಬ ತನ್ನ ಜೋಡಿ ಎತ್ತು ಮಾರಿಕೊಡಲು ನನಗೇ ಒಪ್ಪಿಸಿದ. ಎಂಥ ಎತ್ತುಗಳು! ಕಂಡದ್ದೇ ಅಸೂಟಿಯವನು ಓಡಿ ಬಂದ. ನನ್ನ ಅಂಗೈ ತಿರುವಿ ನೋಡಿ, ತಾನೇ ವಾಸಿ ಮಾಡಿದವನ ಹಾಗೆ ಹಲ್ಲು ಕಿಸಿದು, ಟವೆಲ್ಲಿನೊಳಗೆ ಕೈ ತೂರಿಸಿದ. ನಾನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡೆ.

"ಯಾಕ ಮಾವಾ?"

"ನಂದು ಅಂಟೂದಿಲ್ಲ, ನಿಂದು ಅಂಟತೈತಿ. ಬಾಯಿಲೇ ಒದರು."

ಎತ್ತಿನ ಆಸೆಗೆ ಒದರಿದ. ಸಂತೆಯೆಲ್ಲ ಕೇಳಿತು. ನರಗುಂದದ ವ್ಯಾಪಾರಿಯೊಬ್ಬ ನಗುತ್ತ ಮುಂದೆ ಬಂದು, ನನ್ನ ಹೆಗಲಿನ ಟವೆಲ್ ತಾನೇ ಎಳೆದು, ಅದರ ಕೆಳಗೆ ನನ್ನ ಕೈ ಹಿಡಿದ. ಒದರಿದ ಬೆಲೆಗಿಂತ ಒಂದು ಬೆರಳು ಹೆಚ್ಚಿಗೆ ಅದುಮಿದ.