ನೀರು ಕುಡಿಯದ ಡ್ರೈವರ್

ಪ್ರವಾಸದ ಬಸ್ಸುಗಳು ನಿಲ್ಲುವ ಶೆಡ್ಡಿನಲ್ಲಿ ಅವಳ ಹೆಸರು ಒಂಟೆ. ಇಟ್ಟವನು ಒಬ್ಬ ಕ್ಲೀನರ್. ಬೆಳಗಿನಿಂದ ಸಂಜೆಯವರೆಗೆ ಬಸ್ಸು ಓಡಿಸಿದರೂ ಒಂದು ಗುಟುಕು ನೀರು ಕುಡಿಯದವಳಿಗೆ ಇನ್ನೇನು ಹೆಸರಿಡಬೇಕು ಹೇಳಿ. ಕತ್ತು ಬೇರೆ ಸ್ವಲ್ಪ ಉದ್ದ, ಹಾಗಾಗಿ ಹೆಸರು ಕೂಡಲೇ ಅಂಟಿಕೊಂಡಿತು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಇದಕ್ಕಿಂತ ಕೆಟ್ಟ ಹೆಸರುಗಳು ಅವಳ ಕಿವಿಗೆ ಬಿದ್ದಿದ್ದವು.

ಸ್ಟೇರಿಂಗ್ ಹಿಡಿದರೆ ಮಾತ್ರ ಅವಳದು ಎತ್ತಿದ ಕೈ. ಹೊಟ್ಟೆಯಲ್ಲಿರುವ ನೀರು ಅಲುಗದ ಹಾಗೆ ಓಡಿಸುತ್ತೀರಿ ಎಂದು ವಯಸ್ಸಾದವರು ಇಳಿಯುವಾಗ ಹೊಗಳಿ ಹೋಗುತ್ತಿದ್ದರು. ಅಲುಗುವುದಕ್ಕೆ ನೀರಿದ್ದರೆ ತಾನೇ ಎಂದು ಅವಳು ಒಳಗೊಳಗೇ ನಗುತ್ತಿದ್ದಳು.

ಅವಳ ಅಪ್ಪ ಲಾರಿ ಓಡಿಸುತ್ತಿದ್ದ. ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿಸಿದವನೂ ಅವನೇ, ತಲೆಯಲ್ಲಿ ಹೇನಾಯಿತೆಂದು ಮಗಳ ಕೂದಲನ್ನು ಗಿಡ್ಡ ಮಾಡಿಸಿದವನೂ ಅವನೇ. ಹೇನು ಹೋಯಿತು, ಕೂದಲು ಮತ್ತೆ ಬೆಳೆಯಲಿಲ್ಲ, ಅವಳು ಬಿಡಲಿಲ್ಲ. "ಜಡೆ ಒಂದು ಬಿಟ್ರೆ ಎಲ್ಲಾ ನೆಟ್ಟಗಾಗುತ್ತೆ ಕಣೆ" ಎಂದು ತಾಯಿ ಸಾಯುವ ತನಕ ಗೊಣಗಿದಳು. ಅವಳ ಸಮಾಧಾನಕ್ಕೆಂದು ಒಂದು ಸಲ ಕೂದಲು ಬಿಟ್ಟೂ ನೋಡಿದ್ದಾಯಿತು. ಕನ್ನಡಿಯಲ್ಲಿ ಯಾರೋ ನೆಂಟರ ಮನೆಯ ಹೆಂಗಸು ಬಂದು ನಿಂತ ಹಾಗಿತ್ತು. ಅದೇ ವಾರ ಕತ್ತರಿಸಿ ಎಸೆದಳು. ಗಂಡಸಾಗಬೇಕೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಹೆಂಗಸೆಂದರೆ ಹೀಗೇ ಇರಬೇಕೆಂದು ಜನ ಹಾಕಿದ ಗೆರೆಯೊಳಗೆ ಅವಳು ಹಿಡಿಸುತ್ತಿರಲಿಲ್ಲ, ಅಷ್ಟೇ. ಬಸ್ಸಿನ ಸೀಟಿನಲ್ಲಿ ಚೆನ್ನಾಗಿಯೇ ಹಿಡಿಸುತ್ತಿದ್ದಳು.

ಬಸ್ಸು ಹತ್ತಿದವರು "ಅಣ್ಣಾ, ಏಸಿ ಸ್ವಲ್ಪ ಕಮ್ಮಿ ಮಾಡಿ" ಎನ್ನುತ್ತಿದ್ದರು. ದನಿಯೂ ದಪ್ಪ, ಆದ್ದರಿಂದ ಬಾಯಿಬಿಟ್ಟರೂ ಇತ್ಯರ್ಥವಾಗುತ್ತಿರಲಿಲ್ಲ. ಒಮ್ಮೆ ಮುಂದಿನ ಸೀಟಿನ ಪುಟ್ಟ ಹುಡುಗಿಯೊಬ್ಬಳು ಬಗ್ಗಿ ನೋಡಿ, "ನೀವು ಅಂಕಲ್ಲಾ, ಆಂಟೀನಾ?" ಎಂದು ಕೇಳಿದಳು. "ಡ್ರೈವರು" ಎಂದಳು ಒಂಟೆ. ಹುಡುಗಿ ಸರಿ ಎಂದು ತಲೆಯಾಡಿಸಿ ಬಿಸ್ಕತ್ತು ತಿನ್ನತೊಡಗಿದಳು. ಅಷ್ಟು ಸಲೀಸಾಗಿ ಒಪ್ಪಿಕೊಂಡವರು ದೊಡ್ಡವರಲ್ಲಿ ಯಾರೂ ಇರಲಿಲ್ಲ.

ಅಣ್ಣಾ ಎಂದರೆ ಮೈ ಸವೆಯುವುದಿಲ್ಲ, ಬಿಡಿ. ಪೇಚಾಟವೆಲ್ಲ ಶೌಚಾಲಯದ ಬಾಗಿಲಲ್ಲಿ. ಹೆಂಗಸರ ಕಡೆ ಹೋದರೆ ಕಿರುಚಾಟ. ಒಂದು ಸಲ ಒಬ್ಬಾಕೆ ಕೊಡೆಯಿಂದ ಬೆನ್ನಿಗೆ ಬಾರಿಸಿದ್ದಳು. ಬಾರಿಸಿದ ಮೇಲೂ ಅನುಮಾನ ತೀರದೆ ಗಂಡನನ್ನು ಕೂಗಿದ್ದಳು. ಗಂಡಸರ ಕಡೆಯಂತೂ ಹೋಗುವ ಮಾತೇ ಇಲ್ಲ. ಅತ್ತ ದರಿ, ಇತ್ತ ಪುಲಿ. ಹೀಗಾಗಿ ಟೂರಿನ ಹಿಂದಿನ ಸಂಜೆಯಿಂದಲೇ ನೀರು ಬಂದ್. ಕಾಫಿಯ ವಾಸನೆ ಹಿಡಿದು ಲೋಟ ಕೆಳಗಿಡುವುದು, ತುಟಿ ಒಣಗಿದರೆ ನಾಲಿಗೆಯಿಂದ ಸವರಿಕೊಳ್ಳುವುದು. ಕೊನೆಗೆ ಮೂತ್ರಕೋಶದಲ್ಲಿ ಕಲ್ಲಾಯಿತು. "ನೀರು ಚೆನ್ನಾಗಿ ಕುಡೀರಿ" ಎಂದರು ಡಾಕ್ಟರು. ಕುಡಿದದ್ದನ್ನು ಎಲ್ಲಿ ಬಿಡಲಿ ಎಂದು ಕೇಳುವ ಮನಸ್ಸಾಯಿತು. ಕೇಳದೆ ಎದ್ದು ಬಂದಳು.

ಅವಳ ಬಸ್ಸಿಗೆ ಹೊಸ ಗೈಡಾಗಿ ಬಂದವಳಿಗೆ ಶೆಡ್ಡಿನವರು ಇಟ್ಟ ಹೆಸರು ಮೈಕು. ಮೈಕು ಕೈಗೆ ಸಿಕ್ಕರೆ ಬಿಡುವವಳಲ್ಲ. ಕೋಟೆಯ ಕಥೆ ಮುಗಿದರೆ ಒಗಟು, ಒಗಟು ಮುಗಿದರೆ ಮಾವನ ಮನೆಯ ಜೋಕು, ಒಟ್ಟಿನಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಎರಡನೆಯ ಟೂರಿಗೇ ಅವಳಿಗೆ ಗೊತ್ತಾಗಿಹೋಯಿತು.

"ನೀವ್ಯಾಕೆ ನೀರೇ ಕುಡಿಯಲ್ಲ?"

"ಬಾಯಾರಿಕೆ ಆಗಲ್ಲ."

"ತುಟಿ ಒಡೆದು ರಕ್ತ ಬರ್ತಿದೆ. ಯಾರ ಕಿವಿಗೆ ಹೂವಿಡ್ತೀರಾ?"

ಒಂಟೆ ಅಲ್ಲಿಯವರೆಗೆ ಯಾರ ಹತ್ತಿರವೂ ಹೇಳದೇ ಇದ್ದುದನ್ನು ಹೇಳಿದಳು. ಮೈಕು ನಗಲಿಲ್ಲ. ತನ್ನ ಬಾಟಲಿಯ ಮುಚ್ಚಳ ತೆಗೆದು, ಪೂರ್ತಿ ಕುಡಿಯುವ ತನಕ ಎದುರಿಗೇ ನಿಂತಳು. ಮುಂದಿನ ಸ್ಟಾಪಿನಲ್ಲಿ ಅವಳ ಕೈಹಿಡಿದು ಹೆಂಗಸರ ಸಾಲಿಗೆ ಕರೆದುಕೊಂಡು ಹೋಗಿ, ಬಸ್ಸಿನಲ್ಲಿ ಮಾತಾಡುವ ಗಟ್ಟಿ ದನಿಯಲ್ಲೇ ಸಾರಿದಳು: "ಇವರು ನಮ್ಮ ಡ್ರೈವರಕ್ಕ. ಯಾರಿಗಾದ್ರೂ ಅನುಮಾನ ಇದ್ರೆ ನನ್ನ ಕೇಳಿ." ಯಾರೂ ಕೇಳಲಿಲ್ಲ. ಒಳಗೆ ಚಿಲಕ ಹಾಕಿಕೊಂಡ ಒಂಟೆ ಅಳುತ್ತಾ ಕೂತಳು. ಅಳುವುದಕ್ಕೂ ಮೈಯಲ್ಲಿ ನೀರಿರಬೇಕಲ್ಲ.

ಪ್ರೀತಿ ಹುಟ್ಟುವುದಕ್ಕೆ ಬೆಳದಿಂಗಳೇ ಬೇಕೆಂದೇನಿಲ್ಲ. ಇವರದು ಫಿನಾಯಿಲ್ ವಾಸನೆಯಲ್ಲಿ ಹುಟ್ಟಿತು. ಆಮೇಲೆ ಎಲ್ಲ ಟೂರೂ ಅವರಿಬ್ಬರದೇ. ಇಬ್ಬರು ಹೆಂಗಸರೆಂದು ಮಾಲೀಕ ಲಾಡ್ಜಿನಲ್ಲಿ ಒಂದೇ ರೂಮು ಕೊಡುತ್ತಿದ್ದ. ಶೌಚಾಲಯದ ಬಾಗಿಲಲ್ಲಿ ಅವಳನ್ನು ಹೆಂಗಸೆಂದು ಒಪ್ಪದ ಲೋಕ, ಒಂದು ರೂಮು ಉಳಿಯುತ್ತದೆ ಎಂದಾಗ ಒಂದೇ ಮಾತಿಗೆ ಒಪ್ಪುತ್ತಿತ್ತು. ಆ ರೂಮುಗಳಲ್ಲಿ ಅವರು ಸುಖವಾಗಿದ್ದರು. ಮೈಕು ಅಲ್ಲಿ ಮಾತು ಕಡಿಮೆ ಆಡುತ್ತಿದ್ದಳು, ಒಂಟೆ ಜಾಸ್ತಿ.

ಒಂಟೆ ಇಸ್ತ್ರಿ ಅಂಗಡಿಯ ಮೇಲೊಂದು ಎರಡು ಕಿಟಕಿಯ ಮನೆ ಹಿಡಿದಳು. ಮೈಕು ತಾಯಿಗೆ ಹೇಳಿ ಅಲ್ಲಿಗೆ ಬಂದುಬಿಡುವುದೆಂದು ಮಾತಾಯಿತು. ಆ ತಿಂಗಳು ಅಣ್ಣನಿಗೆ ಮೈ ಸರಿ ಇರಲಿಲ್ಲ. ಮುಂದಿನ ತಿಂಗಳು ಅತ್ತಿಗೆಗೆ ಅನುಮಾನ. ಆಮೇಲೆ ತಾಯಿಯ ಮಂಡಿ. ಇಸ್ತ್ರಿ ಅಂಗಡಿಯವನು "ನಿಮ್ಮ ಜೊತೆಯವರು ಯಾವಾಗ ಬರ್ತಾರೆ?" ಎಂದು ಕೇಳುವುದನ್ನೇ ಬಿಟ್ಟ. ಕೊನೆಗೆ ಮೈಕು ತಾನೇ ಒಂದು ದಾರಿ ಹುಡುಕಿದಳು.

"ಅಮ್ಮನ್ನೂ ಅತ್ತಿಗೇನೂ ಈ ಸಲ ಟೂರಿಗೆ ಕರ್ಕೊಂಡು ಬರ್ತೀನಿ. ಅಮ್ಮ ನಿನ್ನ ನೋಡ್ಲಿ, ಇಷ್ಟಪಡ್ಲಿ. ಕೊನೇ ದಿನ ಹೇಳ್ಬಿಡ್ತೀನಿ."

"ಖಂಡಿತ ಹೇಳ್ತೀಯಾ?"

"ನಿನ್ನಾಣೆ."

ಒಂಟೆ ಹೊಸ ಶರ್ಟು ಕೊಂಡಳು. ತಾಯಿಯ ಮಂಡಿ ನೆನೆದು ಮುಂದಿನ ಸೀಟಿನ ಮೇಲೆ ದಿಂಬು ಇಟ್ಟಳು. ಮೈಕುವಿನ ತಾಯಿ ಬಸ್ಸು ಹತ್ತಿದವಳೇ ಅವಳ ತೋಳು ಹಿಡಿದು, "ನಿಧಾನಕ್ಕೆ ಓಡಿಸಪ್ಪ, ನಿನಗೆ ಪುಣ್ಯ ಬರುತ್ತೆ" ಎಂದಳು. ಒಂಟೆ ಮೈಕುವಿನ ಮುಖ ನೋಡಿದಳು. ಮೈಕು ಮೈಕನ್ನು ಟಪಟಪ ತಟ್ಟಿ, "ಎಲ್ಲರಿಗೂ ನಮಸ್ಕಾರ" ಎಂದಳು.

ಮುದುಕಿಗೆ ಡ್ರೈವರಪ್ಪನ ಮೇಲೆ ಎಲ್ಲಿಲ್ಲದ ಅಕ್ಕರೆ ಬಂದುಬಿಟ್ಟಿತು. ಕುಡಿಯಲ್ಲ, ಸಿಗರೇಟಿಲ್ಲ, ಹಾರ್ನ್ ಕೂಡ ಸುಮ್ಮಸುಮ್ಮನೆ ಹೊಡೆಯಲ್ಲ. "ಇಂಥವನೊಬ್ಬ ನಿನಗೆ ಸಿಕ್ಕಿದ್ರೆ ನಾನು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದೆ" ಎಂದು ಮಗಳಿಗೆ ಎಲ್ಲರೆದುರೇ ಹೇಳಿದಳು. ಅತ್ತಿಗೆ ಕಿಸಕ್ಕನೆ ನಕ್ಕಳು. ಮೈಕು ಬಸ್ಸಿನ ಹಿಂದೆ ಒಂಟೆಯನ್ನು ಹಿಡಿದು ಕುಣಿದಾಡುವುದೊಂದು ಬಾಕಿ.

"ನೋಡಿದ್ಯಾ, ಅಮ್ಮ ಒಪ್ಪೇಬಿಟ್ಟಳು!"

"ಯಾರನ್ನ ಒಪ್ಪಿದ್ದು?"

"ನಿನ್ನನ್ನೇ ಕಣೆ."

"ನನ್ನನ್ನಲ್ಲ. ಅವರು ನೋಡಿದ್ದು ಯಾವನೋ ಒಬ್ಬನ್ನ."

"ಹಾಗೇ ಇದ್ರೆ ನಿನಗೇನು ನಷ್ಟ? ಹೇಗಿದ್ರೂ ಎಲ್ಲರೂ ಅಣ್ಣಾ ಅಂತಾರೆ. ಅಮ್ಮಂಗೂ ಹಾಗೇ ಅಂದ್ಕೊಳ್ಳಕ್ಕೆ ಬಿಟ್ಟುಬಿಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಒಂಟೆಗೆ ಸಿಟ್ಟು ಬಂದಿತು. ಲೋಕವೆಲ್ಲ ಅಣ್ಣಾ ಎನ್ನುವಾಗ ಅವಳನ್ನು ಇದ್ದ ಹಾಗೆ ಕಂಡವಳು ಇವಳೊಬ್ಬಳೇ ಎಂದುಕೊಂಡಿದ್ದಳು. ಈಗ ಇವಳಿಗೂ ಅಮ್ಮನಿಗೆ ತೋರಿಸಲು ಒಬ್ಬ ಅಳಿಯ ಬೇಕಾಗಿದ್ದ. "ನಾನು ವೇಷ ಹಾಕಲ್ಲ" ಎಂದಳು. "ನಾಳೆ ಕೊನೇ ದಿನ. ನೀನು ಹೇಳು." ಮೈಕು ಬೂಟಿನ ತುದಿಯಿಂದ ಟೈರು ಒದೆಯುತ್ತಾ, "ಹೇಳ್ತೀನಿ ಅಂದ್ನಲ್ಲ" ಎಂದಳು.

ಮರುದಿನ ಬೆಳಗ್ಗೆ ಮೈಕು ಎಂದಿನ ಹಾಗೆ ಬಾಟಲಿ ತಂದು ಕೊಟ್ಟಳು. ಒಂಟೆ ಗಟಗಟನೆ ಖಾಲಿ ಮಾಡಿದಳು. ಬಿಸಿಲೇರಿದಾಗ ಮುದುಕಿ, "ತಗೊಳ್ಳಪ್ಪ" ಎಂದು ಇನ್ನೊಂದು ಬಾಟಲಿ ಚಾಚಿದಳು. ಅದನ್ನೂ ಕುಡಿದಳು. ಇಷ್ಟು ವರ್ಷ ನಾಲಿಗೆ ಕಟ್ಟಿ ಬದುಕಿದವಳು ಆವತ್ತು ನಂಬಿಕೆಯ ಮೇಲೆ ಹೊಟ್ಟೆತುಂಬ ನೀರು ಕುಡಿದಳು.

ಮಧ್ಯಾಹ್ನ ಪೆಟ್ರೋಲ್ ಬಂಕಿನ ಹತ್ತಿರ ಬಸ್ಸು ನಿಂತಿತು. ಹಿಂದಿನ ದಿನಗಳಲ್ಲಿ ಮುದುಕಿ ಮಂಡಿನೋವೆಂದು ಸೀಟು ಬಿಟ್ಟು ಏಳುತ್ತಿರಲಿಲ್ಲ, ಸೊಸೆಯೂ ಅವಳ ಪಕ್ಕ ಬಿಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮೈಕು ಒಂಟೆಯನ್ನು ಸರಕ್ಕನೆ ಕರೆದುಕೊಂಡು ಹೋಗಿ ಬರುತ್ತಿದ್ದಳು. ಈ ಸಲ ಮುದುಕಿಯೇ ಮೊದಲು ಇಳಿದಳು. ಹೆಂಗಸರ ಸಾಲಿನಲ್ಲಿ ಅವಳು, ಸೊಸೆ, ಹಿಂದೆ ಮೈಕು. ಒಂಟೆ ಬಸ್ಸಿನಲ್ಲೇ ಕೂತು ತೊಡೆ ಬಿಗಿಹಿಡಿದಳು. ಮುಂದಿನ ಸ್ಟಾಪು ಬಹಳ ದೂರ. ತಡೆಯಲಾಗಲಿಲ್ಲ. ಇಳಿದು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

"ಅಯ್ಯೋ ಡ್ರೈವರಪ್ಪ, ಇದು ಹೆಂಗಸರದ್ದು!" ಎಂದಳು ಮುದುಕಿ.

"ನಾನೂ ಹೆಂಗಸೇ ಅಮ್ಮ."

ಸಾಲು ಪೂರ್ತಿ ತಿರುಗಿತು. "ಏನು ಧೈರ್ಯ ನೋಡಿ!" ಎಂದಳು ಅತ್ತಿಗೆ. ನೆಲ ಒರೆಸುತ್ತಿದ್ದ ಹೆಂಗಸು ಕೋಲು ಅಡ್ಡ ಹಿಡಿದು, "ನಡಿ ಆಚೆ" ಎಂದಳು. ಒಂಟೆ ಮೈಕುವನ್ನೇ ನೋಡುತ್ತಿದ್ದಳು. ಮುದುಕಿಯೂ ಮಗಳ ಕಡೆ ತಿರುಗಿದಳು.

"ನೀನೇ ಹೇಳೇ. ದಿನಾ ಇದೇ ಬಸ್ಸಲ್ಲಿ ಇರ್ತೀಯ. ಇವನು ಹೆಂಗಸಾ?"

ಊರಿಗೆಲ್ಲ ಕಥೆ ಹೇಳುವ ಮೈಕು ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸಿದಳು, ಬಿಚ್ಚಿದಳು.

"ನನಗೇನು ಗೊತ್ತಮ್ಮ? ಕಂಪನಿಯವರು ಕಳಿಸಿದ ಡ್ರೈವರು."

ಒಂಟೆ ಹೊರಗೆ ಬಂದಳು. ರಸ್ತೆ ದಾಟಿ, ಜಲ್ಲಿ ರಾಶಿಯ ಹಿಂದೆ ಹೋಗುವಷ್ಟರಲ್ಲಿ ಪ್ಯಾಂಟು ಅರ್ಧ ಒದ್ದೆಯಾಗಿತ್ತು. ಮಿಕ್ಕಿದ್ದನ್ನು ಅಲ್ಲೇ ಮುಗಿಸಿ, ಬಂದು ಸೀಟಿನ ಮೇಲೆ ಟವೆಲ್ ಹಾಸಿಕೊಂಡು ಕೂತಳು. ಯಾರೂ ಹತ್ತಿರ ಬರಲಿಲ್ಲ. ಮುಂದಿನ ಸೀಟಿನ ಮುದುಕಿ ಎದ್ದು ಹಿಂದೆ ಹೋಗಿ ಕೂತಳು. ಮೈಕು ಮೈಕನ್ನು ಹಿಡಿದು, ಮುಂದೆ ಬರುವ ಕೋಟೆಯನ್ನು ಕಟ್ಟಿಸಿದವರು ಯಾರೆಂದು ಹೇಳಲಾರಂಭಿಸಿದಳು. ದನಿ ಒಂದಿಷ್ಟೂ ನಡುಗಲಿಲ್ಲ. ಒಂಟೆ ಕೂಡ ಊರು ಮುಟ್ಟುವ ತನಕ, ಯಾರ ಮಂಡಿಗೂ ನೋವಾಗದ ಹಾಗೆ, ಹೊಂಡ ತಪ್ಪಿಸಿ ತಪ್ಪಿಸಿ ಓಡಿಸಿದಳು.

ಎರಡು ದಿನ ಬಿಟ್ಟು ಮೈಕು ಇಸ್ತ್ರಿ ಅಂಗಡಿಯ ಮೇಲಿನ ಮನೆಗೆ ಬಂದು ಹೊಸ್ತಿಲಲ್ಲೇ ನಿಂತಳು.

"ಆ ಗಾಬರೀಲಿ ಬಾಯಿಗೆ ಬಂದದ್ದು ಅಂದ್ಬಿಟ್ಟೆ ಕಣೆ."

"ಗಂಡಸೇ ಅಂತ ಅಂದಿದ್ರೂ ತಡ್ಕೊಳ್ತಿದ್ದೆ. ಗೊತ್ತೇ ಇಲ್ಲ ಅಂದ್ಯಲ್ಲ."

"ಅಮ್ಮನ ಎದುರಿಗೆ ನಾನೇನು ಮಾಡಲಿ, ಹೇಳು?"

"ಏನೂ ಮಾಡ್ಬೇಡ. ಹೋಗು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈಕು ಮೆಟ್ಟಿಲ ಮೇಲೆ ಕೂತು ಅತ್ತು, ಇಳಿದು ಹೋದಳು. ಕೆಳಗೆ ಇಸ್ತ್ರಿಯವನು ಪೆಟ್ಟಿಗೆಯನ್ನು ಬಟ್ಟೆಯ ಮೇಲಿಟ್ಟು ಮರೆತು, ಯಾರದೋ ಅಂಗಿ ಸುಟ್ಟ.

ಮುಂದಿನ ಟೂರು ಬಂತು. ಹೊಟ್ಟೆಪಾಡು ಅವರಿಬ್ಬರನ್ನೂ ಅದೇ ಬಸ್ಸಿಗೆ ಹತ್ತಿಸಿತು. ಬೆಳಗ್ಗೆ ಶೆಡ್ಡಿನಲ್ಲಿ ಒಂಟೆ ಎಂಜಿನ್ ಮುಚ್ಚಳ ತೆಗೆದು ನೋಡುತ್ತಿದ್ದಾಗ ಮೈಕು ಪಕ್ಕಕ್ಕೆ ಬಂದು, ಎಂದಿನ ಹಾಗೆ ತುಂಬಿಸಿದ ಬಾಟಲಿ ಚಾಚಿದಳು. ಕಣ್ಣು ಕೆಂಪಗಿತ್ತು. "ಕುಡಿ. ನಾನಿದ್ದೀನಲ್ಲ" ಎಂದಳು.

ಒಂಟೆ ಬಾಟಲಿ ಇಸಿದುಕೊಂಡಳು. ಮುಚ್ಚಳ ತಿರುಗಿಸಿ, ಒಂದು ಹನಿಯೂ ಹೊರಗೆ ಚೆಲ್ಲದಂತೆ ಅಷ್ಟನ್ನೂ ರೇಡಿಯೇಟರಿಗೆ ಸುರಿದಳು. ಖಾಲಿ ಬಾಟಲಿಯನ್ನು ಮೈಕುವಿನ ಕೈಗಿಟ್ಟು, "ಹತ್ತಿ ಮೇಡಂ, ಹೊತ್ತಾಯ್ತು" ಎಂದಳು.