ತಾಟಿನೊಳಗಿನ ಬನ್ನಿ

ದಸರೆಯ ಸಂಜೆ ಪಕ್ಕದ ಮನೆಯಾಕೆ ನನ್ನ ಕೈಗೆ ಬನ್ನಿ ಇಟ್ಟು, "ವೈನೀ, ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ" ಎಂದಾಗ ನಾನು ನಗುತ್ತಲೇ ಇದ್ದೆ. ಆಮೇಲೆ ಎಲೆಯ ಮೇಲೆ ಕಣ್ಣು ಬಿತ್ತು. ಹೊಲದ ಬನ್ನಿಯ ಎಲೆ ಇಷ್ಟು ಸಣ್ಣಗಿರುವುದಿಲ್ಲ. ವರ್ಷಾನುಗಟ್ಟಲೆ ಬೇರು ಕತ್ತರಿಸಿ, ಚಿಗುರು ಚಿವುಟಿ ಅದನ್ನು ಅಷ್ಟು ಸಣ್ಣದು ಮಾಡಿದವಳು ನಾನೇ.

"ಇದನ್ನ ಯಾರು ಕೊಟ್ರು?"

"ನಿಮ್ಮ ಅತ್ತೀನ ಕೊಟ್ರಲ್ರಿ. ಓಣಿ ಮಂದಿಗೆಲ್ಲಾ ಹಂಚಾಕತ್ತಾರ."

ಮಾಳಿಗೆಗೆ ಓಡಿದೆ. ಅಬ್ಬಿಗೇರಿಯ ನಮ್ಮ ಹೊಲದ ಬದುವಿನಿಂದ ಗೇಣುದ್ದದ ಸಸಿಯಾಗಿ ತಂದದ್ದು ಅದು. ಅಗಲ ತಾಟಿನಂಥ ಕುಂಡದಲ್ಲಿಟ್ಟು, ಟೊಂಗೆಗೆ ತಂತಿ ಸುತ್ತಿ ಬಗ್ಗಿಸಿ, ಮೊಳದೆತ್ತರದಲ್ಲೇ ಮುದಿಮರದ ಗತ್ತು ಬರುವ ಹಾಗೆ ಬೆಳೆಸಿದ ಬೋನ್ಸಾಯ್. ಮರುದಿನ ರೋಣದ ಫಲಪುಷ್ಪ ಪ್ರದರ್ಶನಕ್ಕೆ ಹೋಗಬೇಕಿತ್ತು. ನನ್ನ ಮೊದಲನೇ ಪ್ರದರ್ಶನ. ನಾವಿರುವ ಗಜೇಂದ್ರಗಡದಲ್ಲಿ ಗುರುತಿನವರಿಗೆಲ್ಲ ಬರ್ರಿ ಬರ್ರಿ ಎಂದು ಡಂಗುರ ಸಾರಿದ್ದೆ. ಮನೆಯಲ್ಲಿ ಎಲ್ಲರಿಗೂ ನಗು, ಅತ್ತೆಗೆ ಮಾತ್ರ ಸಿಟ್ಟು. "ಗಿಡಾ ಉಪಾಸ ಕೆಡವಿ ಕುಳ್ಳ ಮಾಡೂದು, ಇದ್ಯಾವ ಕಲಾನೋ ಏನೋ" ಅನ್ನುತ್ತಿದ್ದರು. ಮಣಕಾಲು ನೋವಿನ ನೆಪ ಹೇಳಿ ಒಮ್ಮೆಯೂ ಮೆಟ್ಟಿಲು ಹತ್ತಿ ಮೇಲೆ ಬಂದು ನೋಡಿದವರಲ್ಲ.

ಗಿಡ ಬೋಳಾಗಿತ್ತು. ಒಂದೇ ಒಂದು ಎಲೆ ಇಲ್ಲ. ನಾನು ಎಡಕ್ಕೆ ಬಗ್ಗಿಸಿ ಪಳಗಿಸಿದ್ದ ದೊಡ್ಡ ಟೊಂಗೆ ಮುರಿದು ತೊಗಟೆಯಲ್ಲಿ ಜೋತಾಡುತ್ತಿತ್ತು. ಕಾಂಡಕ್ಕೆ ಅರಿಷಿಣ, ಕುಂಕುಮ. ಮುಂದೆ ಒಡೆದ ತೆಂಗಿನಕಾಯಿ, ಇನ್ನೂ ಉರಿಯುತ್ತಿದ್ದ ದೀಪ. ದಡದಡ ಮೆಟ್ಟಿಲಿಳಿದೆ.

ಕೆಳಗೆ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಬೆರಳಿಗೆಲ್ಲ ಮುಳ್ಳು ತರಚಿತ್ತು.

"ಅತ್ತೀ, ಏನ್ ಮಾಡಿದ್ರಿ ಇದು? ನಾಳೆ ರೋಣಕ್ಕ ಒಯ್ಯೂದೈತಿ ಅಂತ ನಿಮಗ ಗೊತ್ತಿದ್ದಿಲ್ಲೇನು?" ನನ್ನ ದನಿ ಓಣಿಗೆಲ್ಲ ಕೇಳಿಸಿತು. ಕೇಳಲಿ ಅನ್ನಿಸಿತು.

ಅವರು ನನಗಿಂತ ಹೆಚ್ಚು ಗಾಬರಿಯಾದರು.

"ಯವ್ವಾ, ದಸರೀಗೆ ಬನ್ನಿ ಹಂಚದ ಹ್ಯಾಂಗ ಇರಾಕ ಬರ್ತೈತಿ? ಊರ ಹೊರಗಿನ ಬನ್ನಿಕಟ್ಟಿಗೆ ಹೋಗಾಕ ಕಾಲ ಬರವಲ್ವು. ಮನ್ಯಾಗ ಐತೆಲ್ಲ ಅಂತ ಕುಂತ ಕುಂತ ಒಂದೊಂದ ಪಾವಟಗಿ ಏರೀನಿ. ಇಷ್ಟ ದಿನಾ ಆಟಗಿ ಸಾಮಾನ ಅಂತಿದ್ನಿ. ದೀಪಾ ಹಚ್ಚಿ ಮುಂದ ಕುಂತು ಕಣ್ಣ ಮುಚ್ಚಿ ತೆರದ್ರ, ಖರೇನ ಹೇಳ್ತೀನಿ, ನಮ್ಮ ಹೊಲದಾಗಿನ ಹಳೇ ಬನ್ನೀಮರಾನ ಮಾಳಗಿಗೆ ಬಂದು ನಿಂತಂಗ ಕಾಣ್ತು. ಕೈ ಮುಗದ್ನಿ."

ಈ ಒಂದು ಮಾತನ್ನು ರೋಣದಲ್ಲಿ ಯಾರಾದರೂ ಅಂದಾರು ಎಂದೇ ನಾನು ಇಷ್ಟು ವರ್ಷ ಕಾದಿದ್ದೆ. ಅದನ್ನು ಅಂದವರ ಉಡಿಯಲ್ಲೇ ಹಂಚಿ ಉಳಿದ ನನ್ನ ಗಿಡದ ಎಲೆಗಳು ಇದ್ದವು.