ತುಳಸಿಯ ಪಕ್ಕದ ರೋಸ್‌ಮರಿ

ಸೊಸೆ ಊಟಿಯಿಂದ ರೋಸ್‌ಮರಿ ಎಂಬ ಘಮಘಮಿಸುವ ಎಲೆಯ ಸಸಿ ತಂದು, ಗುಂಡ್ಲುಪೇಟೆಯ ನಮ್ಮ ಅಂಗಳದಲ್ಲಿ ತುಳಸಿಯ ಪಕ್ಕ ನೆಟ್ಟಳು. ಅಲ್ಲಿನ ಚಳಿಗೂ ಜಗ್ಗದ ಗಿಡ, ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಬೇಕು ಎಂದಿದ್ದಳು. ಆದರೂ ನಾನು ದಿನಾ ಸ್ನಾನ ಮಾಡಿ ತುಳಸಿಗೆ ನೀರೆರೆಯುವಾಗ, ಪಕ್ಕದ್ದನ್ನು ಹಾಗೇ ಬಿಡಲು ಮನಸ್ಸಾಗದೆ ಅದಕ್ಕೂ ಅರ್ಧ ಚೊಂಬು ಸುರಿಯುತ್ತಿದ್ದೆ. ಬುಡ ಕೊಳೆತು ಗಿಡ ಸತ್ತಿತು. ತನ್ನ ಕೈಗುಣವೇ ಸರಿಯಿಲ್ಲವೆಂದು ಅವಳು ನೊಂದುಕೊಂಡಳು. ನೀರು ಸುರಿದದ್ದನ್ನು ನಾನು ಹೇಳಲಿಲ್ಲ.

ಮುಂದಿನ ಚಳಿಗಾಲ ಇನ್ನೊಂದು ಸಸಿ ತಂದು, ತುಳಸಿಗೆ ನೀರೆರೆದು ನಿಂತಿದ್ದ ನನ್ನ ಕೈಗಿಟ್ಟಳು. "ನೀವೇ ನೆಡಿ ಮಾವ. ನನ್ ಕೈ ಆಗ್ಬರಕಿಲ್ಲ."

"ನಿನ್ ಕೈಯಲ್ಲ ಕಣವ್ವ. ನಾನೇ ದಿನಾ ನೀರು ಉಯ್ದು ಕೊಂದ್ಬುಟ್ಟೆ" ಎಂದೆ.

ಅವಳು ಸಸಿಯನ್ನು ವಾಪಸು ತೆಗೆದುಕೊಂಡು, "ಚೊಂಬು ಒಳಗ್ ಮಡಗ್ಬುಟ್ಟು ಬನ್ನಿ, ಇಲ್ಲೇ ಕೂತ್ಕಳಿ" ಎಂದು ತಾನೇ ಗುಂಡಿ ತೋಡತೊಡಗಿದಳು.